ರಸಪುರಿಗೆ ಚಹಾದ ಒಗರು

ಮಾವಿಗೆ ನಮ್ಮ ಮನೆಗಳಲ್ಲಿ ಮರ್ಯಾದೆ ಕಡಿಮೆಯೇನಿಲ್ಲ. ಸೀಕರಣೆ, ರಸಾಯನ, ಮಾವಿನಹಣ್ಣಿನ ಗೊಜ್ಜು ಎಲ್ಲವೂ ಇವೆ. ಆದರೂ ಮೇ ತಿಂಗಳಲ್ಲಿ ರಸಪುರಿ ಮಾರುಕಟ್ಟೆಗೆ ಬಂತೆಂದರೆ ನನ್ನ ಮನಸ್ಸು ಓಡುವುದು ಸೋರ್ಬೆಯ ಕಡೆಗೆ. ಹಾಲಿಲ್ಲ, ಕೆನೆಯಿಲ್ಲ, ಹಣ್ಣು, ಸಕ್ಕರೆ, ನೀರು ಸೇರಿ ಹೆಪ್ಪುಗಟ್ಟಿದ ತಿನಿಸು ಅದು. ಐಸ್‌ಕ್ರೀಮಿನ ಕೆನೆ ನಾಲಗೆಗೆ ಹತ್ತಿಕೊಂಡು ಹಣ್ಣಿನ ರುಚಿಯನ್ನು ಮಸುಕು ಮಾಡುತ್ತದೆ. ಸೋರ್ಬೆಯಲ್ಲಿ ಮಾವು ಮಾವಾಗಿಯೇ ಸಿಗುತ್ತದೆ.

ಒಂದೇ ಕೊರತೆ, ಚೆನ್ನಾಗಿ ಕಳಿತ ರಸಪುರಿಗೆ ಸಕ್ಕರೆ ಬಿದ್ದರೆ ಮುಖಕ್ಕೆ ಹೊಡೆಯುವ ಸಿಹಿ. ನಿಂಬೆ ಹುಳಿ ಕೊಡುತ್ತದೆ, ಅಷ್ಟೇ ಸಾಲದು. ಅಲ್ಲಿ ಸ್ವಲ್ಪ ಒಗರು ಬೇಕು. ಅದನ್ನು ಚಹಾದಷ್ಟು ಹದವಾಗಿ ಕೊಡುವುದು ಬೇರೊಂದಿಲ್ಲ. ನನ್ನ ಆಯ್ಕೆ ನೀಲಗಿರಿಯ ಎಲೆ ಚಹಾ. ಘಮ ಒಳ್ಳೆಯದು, ತಣ್ಣಗಾದರೂ ಅಷ್ಟಾಗಿ ಕದಡುವುದಿಲ್ಲ. ದಿನನಿತ್ಯದ ಟೀಯಂತೆ ಇದನ್ನು ಕುದಿಸಬಾರದು. ಎರಡು ಲೋಟ ನೀರು ಕುದಿದ ಮೇಲೆ ಒಲೆ ಆರಿಸಿ, ಮೂರು ಚಮಚ ಎಲೆ ಹಾಕಿ ಮುಚ್ಚಿಡಬೇಕು. ನಾಲ್ಕು ನಿಮಿಷಕ್ಕೆ ಸೋಸಿಬಿಡಿ. ಇನ್ನೂ ಬಿಟ್ಟರೆ ಒಗರು ಮಿತಿಮೀರಿ ಕಹಿಯಾಗುತ್ತದೆ. ಬಿಸಿಯಿದ್ದಾಗಲೇ ಒಂದು ಲೋಟ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ ಎರಡು ಲೋಟ ಮಾವಿನ ರಸ, ಒಂದು ನಿಂಬೆಹಣ್ಣಿನ ರಸ ಬೆರೆಸಬೇಕು. ರಸಪುರಿಯಲ್ಲಿ ನಾರು ಇದ್ದರೆ ರಸವನ್ನೂ ಜರಡಿ ಹಿಡಿಯಿರಿ.

ಇಷ್ಟೊಂದು ಸಕ್ಕರೆಯೇ ಎಂದು ಕೈ ಹಿಂದೆಗೆಯಬೇಡಿ. ತಂಪಿಗೆ ನಾಲಗೆಯ ಸಿಹಿ ಮಂದವಾಗುತ್ತದೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ. ಫ್ರೀಜರಿನಲ್ಲಿ ಮೊದಲು ಗಟ್ಟಿಯಾಗುವುದು ನೀರು ಮಾತ್ರ. ಸಕ್ಕರೆ ಉಳಿದ ದ್ರವದಲ್ಲೇ ನಿಂತು ಅದನ್ನು ಪಾಕದಂತೆ ದಪ್ಪಮಾಡುತ್ತದೆ. ಆ ಪಾಕ ಮನೆಯ ಫ್ರೀಜರಿನ ಚಳಿಗೆ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಹರಳುಗಳ ನಡುವೆ ಅದು ಉಳಿದಿರುವುದರಿಂದಲೇ ಸೋರ್ಬೆಗೆ ಚಮಚ ಇಳಿಯುವುದು. ಸಕ್ಕರೆ ಕಡಿಮೆ ಮಾಡಿದರೆ ಸಿಗುವುದು ಮಾವಿನ ಬಣ್ಣದ ಐಸ್‌ಗಡ್ಡೆ.

ಇದಕ್ಕೆ ಯಂತ್ರ ಬೇಕಿಲ್ಲ, ಅಗಲವಾದ ಸ್ಟೀಲ್ ಡಬ್ಬಿ ಸಾಕು. ಬೆರೆಸಿದ ರಸವನ್ನು ಅದಕ್ಕೆ ಸುರಿದು ಫ್ರೀಜರಿನಲ್ಲಿಟ್ಟು, ಮುಕ್ಕಾಲು ಗಂಟೆಗೆ ತೆಗೆದು ನೋಡಿದರೆ ಅಂಚಿನುದ್ದಕ್ಕೂ ಅರಿಸಿನ ಬಣ್ಣದ ಮಂಜಿನ ಪಟ್ಟಿ ಕಟ್ಟಿರುತ್ತದೆ, ನಡುವೆ ಇನ್ನೂ ರಸ ತೊನೆಯುತ್ತಿರುತ್ತದೆ. ಫೋರ್ಕಿನಿಂದ ಆ ಅಂಚನ್ನು ಕೆರೆದು ನಡುವಿಗೆ ತಳ್ಳಿ, ಚೆನ್ನಾಗಿ ಕದಡಿ ಮತ್ತೆ ಒಳಗಿಡಬೇಕು. ಅರ್ಧರ್ಧ ಗಂಟೆಗೊಮ್ಮೆ ಹೀಗೆ ಮಾಡುತ್ತಾ ಬಂದರೆ ಹರಳುಗಳು ದೊಡ್ಡದಾಗಿ ಬೆಳೆಯುವುದಿಲ್ಲ. ಮೊದಮೊದಲು ಕರಕರ ಎನ್ನುತ್ತಿದ್ದದ್ದು ಸಂಜೆಯ ಹೊತ್ತಿಗೆ ನುಣುಪಾಗುತ್ತದೆ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಿ, ಬಹಳ ಖುಷಿಯಿಂದ ಮಾಡುತ್ತಾರೆ.

ಕಲ್ಲಂಗಡಿಯಂಥ ನೀರು ಹಣ್ಣಿಗೆ ಈ ಅಳತೆ ನಡೆಯದು. ಚಹಾ ಕಡಿಮೆ, ಸಕ್ಕರೆ ಹೆಚ್ಚು ಬೇಕು. ಬೆಂಗಳೂರು ನೀಲಿ ದ್ರಾಕ್ಷಿಯ ಸಿಪ್ಪೆಯಲ್ಲೇ ಒಗರಿದೆ, ಅದಕ್ಕೆ ಚಹಾ ಹಾಕುವುದೇ ದಂಡ. ಮಾವಿಗೂ ಚಹಾಕ್ಕೂ ಕೂಡಿಬಂದಷ್ಟು ಬೇರೆ ಯಾವ ಹಣ್ಣಿಗೂ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಫ್ರೀಜರಿನಲ್ಲಿ ವಾರಗಟ್ಟಲೆ ಇಟ್ಟರೆ ಹರಳು ಮತ್ತೆ ದಪ್ಪಗಾಗಿ, ಚಹಾದ ಘಮ ಹೋಗಿಬಿಡುತ್ತದೆ. ಮಾಡಿದ ದಿನವೇ ಅಕ್ಕಪಕ್ಕದವರನ್ನು ಕರೆದು ಹಂಚಿ ತಿನ್ನಿ.