ವಂಗವೂ ನಾಗವೂ

ಮನುಷ್ಯರಲ್ಲಿರುವಂತೆ ಲೋಹಗಳಲ್ಲಿಯೂ ಕುಲವೂ ನಂಟುತನವೂ ಉಂಟು. ಆದರೆ ಒಂದೇ ಕುಲದಲ್ಲಿ ಹುಟ್ಟಿದವರೆಲ್ಲರೂ ಸಾಧುಗಳೇ ಆಗಬೇಕೆಂಬ ನಿಯಮವಿಲ್ಲ. ಈ ಮಾತು ನಮ್ಮ ಅಡಿಗೆಮನೆಗೆ ಹೇಗೆ ಸಂಬಂಧಿಸುವುದೆಂಬುದನ್ನು ವಾಚಕರಿಗೆ ನಿವೇದಿಸುವೆವು.

ರಷ್ಯಾ ದೇಶದ ಮೆಂಡೆಲೀವನು 1869ರಲ್ಲಿ ಮೂಲವಸ್ತುಗಳನ್ನು ಪರಮಾಣುತೂಕದ ಕ್ರಮದಲ್ಲಿಟ್ಟು, ಸಮಾನಗುಣವುಳ್ಳವು ಒಂದೇ ಸಾಲಿಗೆ ಬರುವಂತೆ ಕೋಷ್ಟಕವನ್ನು ರಚಿಸಿದನು. ಅಲ್ಲಲ್ಲಿ ಕೆಲವು ಮನೆಗಳು ಬರಿದಾಗಿ ಉಳಿದವು. ಸಿಲಿಕಾನಿನ ಕೆಳಗಣ ಬರಿಯ ಮನೆಯಲ್ಲಿ ಇರತಕ್ಕ ವಸ್ತುವಿಗೆ ಆತನು ಏಕ-ಸಿಲಿಕಾನ್ ಎಂದು ಹೆಸರಿಟ್ಟು, ಅದರ ತೂಕವನ್ನು 72 ಎಂದು 1871ರಲ್ಲಿ ಗಣಿಸಿದನು. ಆ 'ಏಕ'ವು ನಮ್ಮ ಸಂಸ್ಕೃತದ ಏಕವೇ! 1886ರಲ್ಲಿ ಜರ್ಮನಿಯ ವಿಂಕ್ಲರನು ಆ ವಸ್ತುವನ್ನು ಕಂಡುಹಿಡಿದನು. ಅದೇ ಜರ್ಮೇನಿಯಂ, ತೂಕ 72.6.

ಅದೇ ಸಾಲಿನಲ್ಲಿ ಜರ್ಮೇನಿಯಮ್ಮಿನ ಕೆಳಗೆ 50ನೆಯದಾದ ತವರವೂ, ಅದರ ಕೆಳಗೆ 82ನೆಯದಾದ ಸೀಸವೂ ಇವೆ. ಎರಡೂ ಮೃದು, ಎರಡೂ ಬೇಗನೆ ಕರಗತಕ್ಕವು. ತವರವು 232, ಸೀಸವು 327 ಡಿಗ್ರಿ ಸೆಂಟಿಗ್ರೇಡಿಗೆ ದ್ರವಿಸುವುವು. ಅಮರಕೋಶದಲ್ಲಿ ತವರಕ್ಕೆ ವಂಗವೆಂದೂ ಸೀಸಕ್ಕೆ ನಾಗವೆಂದೂ ಹೆಸರುಗಳುಂಟು. ನಾಗವೆಂದರೆ ಸರ್ಪವೂ ಹೌದಷ್ಟೆ.

ಬೆಂಗಳೂರಿನ ಗಿರಿನಗರದ ನಮ್ಮ ಮನೆಯಲ್ಲಿ, ಸ್ಟೀಲು ಬಂದಂದಿನಿಂದ ಅಟ್ಟವೇರಿದ್ದ ಹಿತ್ತಾಳೆಯ ಪಾತ್ರೆಗಳನ್ನು ಈಚೆಗೆ ಸೊಸೆಯು ಕೆಳಗಿಳಿಸಿದಳು. ಹುಣಿಸೆಯ ಹುಳಿ ತಾಗಿದರೆ ಹಿತ್ತಾಳೆ ಕಿಲುಬುವುದು. ಆದ ಕಾರಣ ಕಲಾಯಿ ಬೇಕು. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ತೀಡಿ ಅರಳೆಯಿಂದ ಸವರಿದರೆ ಒಳಮೈ ಬೆಳ್ಳಿಯಂತಾಗುವುದು. ಬೀದಿಗೆ ಬಂದ ಕಲಾಯಿಗಾರನೊಬ್ಬನು ಅಗ್ಗದ ಬೆಲೆ ಹೇಳಿದನು. ಅಗ್ಗವೇಕೆಂದು ಸೊಸೆಯು ಕೇಳಲು, "ತುಸು ಸೀಸ ಬೆರೆಸುತ್ತೇನೆ, ಚೆನ್ನಾಗಿ ಹರಿಯುತ್ತದೆ" ಎಂದು ನಿಷ್ಕಪಟವಾಗಿ ನುಡಿದನು. ಆತನ ಮಾತು ಸುಳ್ಳಲ್ಲ. ಇವೆರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ 183 ಡಿಗ್ರಿಗೇ ಕರಗುವುದು. ಸೀಸದ ಬೆಲೆಯೂ ಕಡಿಮೆ. ನಾವು ಆತನಿಗೆ ಬಂದ ಶ್ರಮಕ್ಕೆಂದು ಕಾಸು ಕೊಟ್ಟು ಕಳುಹಿದೆವು.

ಏಕೆಂದರೆ ಸೀಸವು ದೇಹದೊಳಗೆ ಸುಣ್ಣದಂಶದ ವೇಷವನ್ನು ಧರಿಸಿ ಎಲುಬಿನಲ್ಲಿ ನೆಲಸುವುದು; ರಕ್ತವನ್ನು ಕ್ಷೀಣಿಸುವುದು; ಬೆಳೆಯುವ ಮಕ್ಕಳ ಮಿದುಳನ್ನು ಕುಂದಿಸುವುದು. ಇಷ್ಟು ಸೀಸದಿಂದ ಬಾಧೆಯಿಲ್ಲವೆಂಬ ಮಿತಿಯನ್ನು ವೈದ್ಯರು ಯಾರೂ ಹೇಳರು. ಇದರ ಭಯದಿಂದಲೇ 2000ದಲ್ಲಿ ನಮ್ಮ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆದರು. ಇದೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರ್ ತುಪ್ಪಿಲ್ ವೆಂಕಟೇಶ್ ಅವರು ಈ ವಿಷದ ವಿಚಾರವಾಗಿ ಬಹುಕಾಲ ದುಡಿದರು. ಶಾಲೆಯಲ್ಲಿ ಮಂದನೆನಿಸಿಕೊಂಡ ಬಾಲಕನ ದೋಷವು ಅವನದಾಗಿರದೆ, ಅವನುಂಡ ಸಾರಿನ ಪಾತ್ರೆಯದೂ ಆಗಿರಬಹುದಲ್ಲವೆ?

ಕಲಾಯಿಯ ಹೊಳಪನ್ನು ನೋಡಿ ವಂಗ ನಾಗಗಳ ಭೇದವನ್ನರಿಯುವುದು ಅಸಾಧ್ಯ. ಪ್ರಯೋಗಶಾಲೆಯ ಪರೀಕ್ಷೆಯೊಂದೇ ಪ್ರಮಾಣ. ಆದುದರಿಂದ ಗೃಹಸ್ಥರು ಶುದ್ಧ ತವರವನ್ನು ನಂಬಿಕೆಯುಳ್ಳಲ್ಲಿ ತಾವೇ ಕೊಂಡು, ಕಣ್ಣೆದುರಿಗೇ ಕಲಾಯಿ ಮಾಡಿಸತಕ್ಕದ್ದು. ಸಂದೇಹವಿದ್ದರೆ ಹುಳಿಯ ಅಡಿಗೆಯನ್ನು ಸ್ಟೀಲಿನಲ್ಲಿ ಮಾಡುವುದೇ ಲೇಸು. ಹಿರಿಯರ ಪಾತ್ರೆಗಳ ಮೇಲಣ ಗೌರವವು ಮನೆಯ ಕೂಸುಗಳ ಕ್ಷೇಮಕ್ಕಿಂತ ದೊಡ್ಡದಲ್ಲ.