ಹಿಡಿ ಅಕ್ಕಿಯ ಲೆಕ್ಕ

ನಮ್ಮ ತೌರಿನ ಅಡಿಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಒಂದು ಸಣ್ಣ ಮಡಕೆ ಇರುತ್ತಿತ್ತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅಮ್ಮ ಅದರಿಂದಲೇ ಒಂದು ಹಿಡಿ ತೆಗೆದು ಆ ಮಡಕೆಗೆ ಹಾಕುತ್ತಿದ್ದಳು. ತಿಂಗಳಿಗೊಮ್ಮೆ ಉಚಿತ ವಿದ್ಯಾರ್ಥಿನಿಲಯದವರು ಚೀಲ ಹಿಡಿದು ಬರುತ್ತಿದ್ದರು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, ಈ ಸಲ ಎಷ್ಟು ಹುಡುಗರು ಪಾಸಾದರು, ಯಾರಿಗೆ ನೌಕರಿ ಸಿಕ್ಕಿತು ಎಂದೆಲ್ಲ ಹೇಳಿ ಹೋಗುತ್ತಿದ್ದರು. ಅಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಅಕ್ಕಿಗೆ ಸಿಗುತ್ತಿದ್ದ ರಸೀತಿ ಅದೊಂದೇ.

ಈಗ ಆ ಚೀಲ ನನ್ನ ಕೈಗೆ ಬಂದಿದೆ. ಚೀಲವೆಂದರೆ ಮೊಬೈಲು. ಹಳ್ಳಿಗಳಿಂದ ಪಿಯುಸಿ ಓದಲು ನಮ್ಮೂರಿಗೆ ಬರುವ ಹೆಣ್ಣುಮಕ್ಕಳಿಗೆ ನಮ್ಮ ಮಹಿಳಾ ಸಮಾಜ ಫೀಸು, ಪುಸ್ತಕ, ಹಾಸ್ಟೆಲ್ ಖರ್ಚಿಗೆ ಅಷ್ಟಿಷ್ಟು ನೆರವಾಗುತ್ತದೆ. ಮೊದಲೆಲ್ಲ ನಾಲ್ಕೈದು ಜನ ರಸೀತಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತುತ್ತಿದ್ದೆವು. 2016ರಲ್ಲಿ ಯುಪಿಐ ಬಂತು. ನೋಡುನೋಡುತ್ತಿದ್ದಂತೆ ಹೂವಾಡಗಿತ್ತಿಯ ಬುಟ್ಟಿಗೂ ಕ್ಯೂಆರ್ ಕೋಡು ಅಂಟಿಕೊಂಡಿತು. 2020ರಲ್ಲಿ ಕೊರೋನಾ ಬಂದು ಮನೆಮನೆಗೆ ಹೋಗುವುದೇ ನಿಂತಾಗ ನಮ್ಮ ಕಾರ್ಯದರ್ಶಿ, "ಟೀಚರ್, ನೀವೇ ವಾಟ್ಸಾಪಿನಲ್ಲಿ ಬರೀರಿ. ನಿಮಗೆ ಬರೆಯೋದು ಗೊತ್ತು" ಎಂದರು. ಹೊಗಳಿಕೆಗೆ ಉಬ್ಬಿ ಒಪ್ಪಿಕೊಂಡೆ.

ಪರಿಚಯದವರನ್ನೆಲ್ಲ ಒಂದು ಗುಂಪಿಗೆ ಸೇರಿಸಿ ವಾರಕ್ಕೊಂದು ಮನವಿ ಹಾಕತೊಡಗಿದೆ. ಮದುವೆ ಊಟದ ಪಂಕ್ತಿಯಿಂದ ನಡುವೆ ಎದ್ದವರಂತೆ ಒಬ್ಬೊಬ್ಬರೇ ಹೊರಟುಹೋದರು. "ನಿನ್ನ ಮೆಸೇಜು ಬಂತೆಂದರೆ ಜನ ಜೇಬು ಮುಟ್ಟಿ ನೋಡಿಕೊಳ್ತಾರೆ" ಎಂದು ನಮ್ಮ ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಆ ವರ್ಷ ಒಂದು ಹುಡುಗಿಯ ಫೀಸಿಗೆ ಹಣ ಸಾಲದೆ ನಿಂತಿತ್ತು.

ಆಗ ಒಂದು ಕೆಲಸ ಮಾಡಿದೆ. ಇಂಥ ಮನವಿಗಳಲ್ಲಿ ಅಳುವ ಮುಖಗಳನ್ನು ನೀವೂ ನೋಡಿರುತ್ತೀರಿ. ನಾನೂ ಆ ಹುಡುಗಿಯನ್ನು ಸೋರುವ ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದೆ. ತಂದೆ ತೀರಿಕೊಂಡದ್ದು, ತಾಯಿ ಕೂಲಿಗೆ ಹೋಗುವುದು ಎಲ್ಲವನ್ನೂ ಮನ ಕರಗುವಂತೆ ಬರೆದು ಕಳಿಸಿದೆ. ಎರಡೇ ದಿನಕ್ಕೆ ಬೇಕಾದಷ್ಟು ಹಣ ಬಂತು. ನನ್ನ ಬರವಣಿಗೆಯ ಮೇಲೆ ನನಗೇ ಹೆಮ್ಮೆ.

ನಾಲ್ಕನೆಯ ದಿನ ಸಂಜೆ ಅವಳು ಮನೆಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲಾಚೆ ನಿಂತೇ, "ಮೇಡಂ, ಕ್ಲಾಸಿನವರೆಲ್ಲ ನೋಡಿದಾರೆ. ನಮ್ಮನೆ ಸೋರೋದನ್ನ ಯಾಕೆ ತೋರಿಸಿದ್ರಿ? ನನಗೆ ಫೀಸು ಬೇಡ" ಎಂದಳು. ಕೂಡಲೇ ಫೋಟೋ ಅಳಿಸಿದೆ. ಆದರೆ ಇನ್ನೊಬ್ಬರು ಮುಂದಕ್ಕೆ ಕಳಿಸಿದ್ದನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಅಂದು ಉತ್ತರ ಹೊಳೆಯಲಿಲ್ಲ.

ಅವಳ ತಾಯಿಯನ್ನು ಕಂಡು ತಪ್ಪೊಪ್ಪಿಕೊಂಡೆ. ಫೀಸು ಕಟ್ಟಿದ್ದಾಯಿತು, ಅವಳು ಓದಿದ್ದೂ ಆಯಿತು. ಆದರೆ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದಳು.

ಆಮೇಲೆ ಅಮ್ಮನ ಮಡಕೆ ನೆನಪಾಯಿತು. ಅಕ್ಕಿಗೆ ಬರುತ್ತಿದ್ದವರು ಯಾವ ಹುಡುಗನನ್ನೂ ಕರೆತಂದು ಅಂಗಳದಲ್ಲಿ ನಿಲ್ಲಿಸಿದವರಲ್ಲ. ಸಮಾಜದಲ್ಲಿ ಕೂತು ಮಾತಾಡಿ ಕೆಲವು ಕಟ್ಟುಪಾಡು ಮಾಡಿಕೊಂಡೆವು. ಯಾವ ಮಗುವಿನ ಮುಖ, ಹೆಸರು, ಊರು ಬರಕೂಡದು. ಒಮ್ಮೆ ಕೇಳುವ ಮೊದಲು ಮೂರು ಸಲವಾದರೂ ಸಮಾಚಾರ ಹೇಳಬೇಕು. ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಮೂರು ತಿಂಗಳಿಗೊಮ್ಮೆ ಬರೆಯಬೇಕು. ನೂರು ರೂಪಾಯಿ ಕೊಟ್ಟವರಿಗೂ ಹೆಸರು ಹಿಡಿದು ವಂದನೆ ತಿಳಿಸಬೇಕು.

ಗುಂಪು ಬಿಟ್ಟು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆವು. ಒಂದು ಪಟ್ಟಿಯಲ್ಲಿ 256 ಜನರವರೆಗೆ ಹಿಡಿಸುತ್ತಾರೆ. ಒಬ್ಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಹಾಗಾಗಿ ಅವರು ಸಾವಿರ ಕೊಟ್ಟರು, ಇವರು ಐವತ್ತು ಕೊಟ್ಟರು ಎಂಬ ಮುಜುಗರವೂ ಇಲ್ಲ. ಇದರಲ್ಲೊಂದು ವಿಶೇಷವಿದೆ. ಯಾರ ಫೋನಿನಲ್ಲಿ ನಮ್ಮ ನಂಬರು ಉಳಿದಿದೆಯೋ ಅವರಿಗೆ ಮಾತ್ರ ನಮ್ಮ ಓಲೆ ತಲುಪುತ್ತದೆ.

ಲೆಕ್ಕ ಬರೆಯತೊಡಗಿದ ಮೇಲೆ ಹಣಕ್ಕಿಂತ ಮೊದಲು ಪ್ರಶ್ನೆಗಳು ಬಂದವು. ನನಗೆ ಖುಷಿಯಾಯಿತು, ಪ್ರಶ್ನೆ ಕೇಳುವ ಮಗು ಪಾಠ ಕೇಳಿಸಿಕೊಂಡಿದೆ ಎಂದೇ ಅರ್ಥ. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ದೊಡ್ಡ ಮೊತ್ತ ಕಳಿಸುತ್ತೇನೆಂದಳು. ಅವಳೀಗ ಅಲ್ಲಿಯ ಪ್ರಜೆ. ವಿದೇಶಿ ದೇಣಿಗೆ ಕಾಯಿದೆಯಡಿ ನೋಂದಣಿಯಿಲ್ಲದ ನಾವು ಅದನ್ನು ಪಡೆಯುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅಡ್ಡಿಯಿಲ್ಲ. ಹೀಗೆಂದು ಬರೆದು ಬೇಡವೆಂದೆ. "ಹಣ ಬೇಡ ಅಂದ ಸಂಸ್ಥೆ ನಿಮ್ಮದೊಂದೇ ಮೇಡಂ" ಎಂದು ನಕ್ಕು, ಪ್ರತಿ ಭಾನುವಾರ ನಮ್ಮ ಹುಡುಗಿಯರಿಗೆ ಫೋನಿನಲ್ಲೇ ಇಂಗ್ಲಿಷ್ ಹೇಳಿಕೊಡುತ್ತಿದ್ದಾಳೆ.

ಓದು ಮುಗಿಸಿದ ಹುಡುಗಿಯರನ್ನೂ ಪಟ್ಟಿಗೆ ಸೇರಿಸಿದ್ದೇವೆ. ಕೆಲಸ ಸಿಕ್ಕವರು ಇನ್ನೂರು, ಐನೂರು ಹಾಕುತ್ತಾರೆ. ಆ ಹುಡುಗಿಯ ತಾಯಿಯನ್ನು ಕೇಳಿ ಅವಳ ನಂಬರನ್ನೂ ಸೇರಿಸಿದ್ದೇನೆ. ಪ್ರತಿ ಸಲ ಲೆಕ್ಕ ಕಳಿಸಿದ ಮೇಲೆ, ತಲುಪಿದವರ ಸಾಲನ್ನು ಬೆರಳಿನಿಂದ ಮೇಲೆ ಸರಿಸುತ್ತಾ ಹುಡುಕುತ್ತೇನೆ. ಅವಳ ಹೆಸರು ಇನ್ನೂ ಬಂದಿಲ್ಲ.