ಪುಷ್ಯ ಮಳೆಯಲ್ಲಿ ಒಂದು ಎಚಿವೇರಿಯಾ

ಶಿರಸಿ ಕಡೆಯ ಹಂಚಿನ ಮನೆ, ಪುಷ್ಯ ಮಳೆ ಹಿಡಿದ ಹೊತ್ತು. ಜಗಲಿಕಟ್ಟೆಯ ಮೇಲಿನ ಕುಂಡಗಳ ಮುಂದೆ ನೀವು ಕುಕ್ಕರಗಾಲಲ್ಲಿ ಕೂತಿದ್ದೀರಿ. ಮೇಲೆ ಮಾಡು ಇದೆ, ಹನಿ ನೇರ ಬೀಳುವುದಿಲ್ಲ. ಆದರೆ ಗಾಳಿ ತಿರುಗಿದಾಗಲೆಲ್ಲ ಎರಚಲು ಬಂದು ಎಲೆಗಳ ನಡುವೆ ನಿಲ್ಲುತ್ತದೆ.

ಎಚಿವೇರಿಯಾದ ಕೆಳಗಿನ ಎಲೆ ಮುಟ್ಟಿ ನೋಡಿ. ಹಳದಿಗೆ ತಿರುಗಿದೆ, ಗಾಜಿನ ಹಾಗೆ ಆಚೆಬದಿ ಕಾಣುತ್ತದೆ. ಬೆರಳು ತಾಗಿದ್ದೇ ತಡ, ಕಳಚಿ ಬಿತ್ತು. ಬಾಡಿದೆ ಎಂದುಕೊಂಡು ತಂಬಿಗೆಗೆ ಕೈಹಾಕಬೇಡಿ. ನೀರಿಲ್ಲದ ಎಲೆ ಸುಕ್ಕುಗಟ್ಟಿ ತೆಳ್ಳಗಾಗುತ್ತದೆ. ಇದು ನೀರು ಹೆಚ್ಚಾಗಿ ಒಡೆದ ಎಲೆ. ಮೆಕ್ಸಿಕೊದ ಒಣನೆಲ ಇದರ ತವರು. ಬಿಸಿಲಿಗೆ ನೀರು ಆರದಿರಲೆಂದು ಎಲೆಯ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವ ಗಿಡ. ನಮ್ಮ ಆಷಾಢದ ಥಂಡಿಯಲ್ಲಿ ಅದಕ್ಕೆ ಬಾಯಾರಿಕೆಯೇ ಇಲ್ಲ.

ಕುಂಡ ಮಗುಚಿ. ನರ್ಸರಿಯವರು ತುಂಬಿಕೊಟ್ಟ ತೆಂಗಿನನಾರಿನ ಪುಡಿ ಹಿಂಡಿದರೆ ನೀರಿಳಿಯುತ್ತದೆ. ಬೇರು ಎಳೆದರೆ ಸಿಪ್ಪೆ ಜಾರಿ ನಡುವಿನ ಎಳೆ ಮಾತ್ರ ಕೈಗೆ ಬರುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿಯಿರಬೇಕಾದಲ್ಲಿ ನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ. ಆಮೇಲೆ ಪಿಥಿಯಂ, ಫೈಟಾಫ್ತರಾ ಎಂಬ ಕೊಳೆಯ ರೋಗಾಣುಗಳು ನುಗ್ಗುತ್ತವೆ. ತೋಟದಲ್ಲಿ ಅಡಿಕೆಗೆ ಕೊಳೆ ತರುವುದೂ ಫೈಟಾಫ್ತರಾ ಕುಲದ್ದೇ. ಅಲ್ಲಿ ಮರ ಹತ್ತುವ ಕೊನೆಗೌಡ ಬೋರ್ಡೋ ದ್ರಾವಣ ಹೊಡೆಯಲು ಹೊಳವಾಗುವುದನ್ನೇ ಕಾಯುತ್ತಿದ್ದಾನೆ. ನಿಮಗೆ ಬೋರ್ಡೋ ಬೇಡ, ಬ್ಲೇಡು ಸಾಕು.

ಬ್ಲೇಡಿಗೆ ಸ್ಪಿರಿಟ್ ಒರೆಸಿ ಕಾಂಡ ಕೊಯ್ಯಿರಿ. ನಡುವೆ ಕಂದು ಉಂಗುರ. ಮತ್ತೆ ಒರೆಸಿ, ಇನ್ನೂ ಮೇಲೆ. ಈಗ ಉಂಗುರ ಹೋಗಿ ಒಂದು ಚುಕ್ಕಿ ಉಳಿದಿದೆ. ಇಲ್ಲಿ ಎಲ್ಲರಿಗೂ ಕೈ ನಡುಗುತ್ತದೆ, ಗಿಡವೇ ಮುಗಿಯಿತಲ್ಲ ಎಂದು. ನಡುಗಿದರೂ ಕೊಯ್ಯಿರಿ, ಆ ಚುಕ್ಕಿ ಬಿಟ್ಟರೆ ಉಳಿದದ್ದೂ ಕೊಳೆಯುತ್ತದೆ. ತಿಳಿಹಸಿರು ಕಂಡಿತೇ? ಆ ತಲೆಯನ್ನು ಒಳಗೆ ಗಾಳಿಯಾಡುವ ಕಡೆ ಬುಟ್ಟಿಯಲ್ಲಿಡಿ. ಗಾಯ ಒಣಗಿ ಗಟ್ಟಿಯಾಗಲು ಈ ಹವೆಯಲ್ಲಿ ವಾರ, ಹತ್ತು ದಿನ ಬೇಕಾದೀತು. ಅಲ್ಲಿಯವರೆಗೆ ಮಣ್ಣಿಗೆ ಊರಬೇಡಿ.

ಉಳಿದ ಕುಂಡಗಳ ಅಡಿತಟ್ಟೆ ತೆಗೆದುಬಿಡಿ, ಇಟ್ಟಿಗೆಚೂರಿನ ಮೇಲೆ ಎತ್ತಿಡಿ. ತಳಕ್ಕೆ ಜಲ್ಲಿ ಹಾಸಿದರೆ ನೀರು ಬಸಿಯುತ್ತದೆ ಎನ್ನುವವರನ್ನು ನಂಬಬೇಡಿ; ಜಲ್ಲಿಯ ಮೇಲೆಯೇ ಮಣ್ಣು ನೀರು ಹಿಡಿದು ಕೂರುತ್ತದೆ. ಗೊಬ್ಬರದ ಮಣ್ಣಿಗಿಂತ ದಪ್ಪ ಮರಳು, ಇಟ್ಟಿಗೆಚೂರು, ಇದ್ದಿಲೇ ಹೆಚ್ಚಿರಬೇಕು, ಅದೂ ಕುಂಡದ ತುಂಬ. ಅಡೇನಿಯಂ ಇದ್ದರೆ ಅದರ ಬುಡ ಒತ್ತಿ ನೋಡಿ, ಮೆತ್ತಗಿದ್ದರೆ ಅದಕ್ಕೂ ಬ್ಲೇಡು.

ಎರಚಲು ಹೊಡೆಯುವ ಜಗಲಿಗಿಂತ ಕಿಟಕಿ ಪಕ್ಕದ ಮೇಜೇ ವಾಸಿ. ಇವತ್ತೇ ಒಳಗೆ ತಂದಿಡಿ.